ಸುಟ್ಟ ಕ್ಯಾರವಾನ್: ಪರಿಹಾರ ಕೇಳುವುದು ಹೇಗೆ?

ಪ್ರಶ್ನೆ: ಕುಟುಂಬದ ಪ್ರವಾಸಕ್ಕೆಂದು ಕಳೆದ ವರ್ಷ ಪುಣೆಯ ಸಂಸ್ಥೆಯೊಂದರಿಂದ 28 ಲಕ್ಷ ರೂಪಾಯಿಗೆ ಕ್ಯಾರವಾನ್ ಕೊಂಡೆವು. ವ್ಯಾನಿನೊಳಗಿನ ಮಂಚ, ಅಡುಗೆಕಟ್ಟೆ, ಬ್ಯಾಟರಿ, ಇನ್ವರ್ಟರ್ ಎಲ್ಲವನ್ನೂ ಅಳವಡಿಸಿದವರು ಅವರೇ. ಏಳು ತಿಂಗಳ ನಂತರ ಆಗುಂಬೆಯಲ್ಲಿ ತಂಗಿದ್ದ ರಾತ್ರಿ ಸೀಟಿನ ಹಿಂದೆ ಬೆಂಕಿ ಹತ್ತಿತು. ತಂದೆಯವರ ಅಂಗೈ ಸುಟ್ಟಿತು. ಲ್ಯಾಪ್‌ಟಾಪ್, ಕ್ಯಾಮೆರಾ, ಬಟ್ಟೆಬರೆ ಹಾಳಾದವು. ಊರಿನ ಮೆಕ್ಯಾನಿಕ್ ಹಲಗೆ ಬಿಚ್ಚಿದಾಗ, ತಗಡಿನ ರಂಧ್ರಕ್ಕೆ ರಬ್ಬರ್ ಬುಷ್ ಹಾಕದೆಯೇ ವೈರ್ ಎಳೆದಿದ್ದುದು, ಅಂಚಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಸವೆದಿದ್ದುದು ಕಂಡಿತು. ನಾವು ಹೊರಗಿನಿಂದ ಸೋಲಾರ್ ಫಲಕ ಹಾಕಿಸಿದ್ದರಿಂದ ಹೊಣೆ ತಮ್ಮದಲ್ಲ, ಬೇಕಿದ್ದರೆ ವಾಹನ ಕಳುಹಿಸಿದರೆ ಉಚಿತವಾಗಿ ರಿಪೇರಿ ಮಾಡುತ್ತೇವೆ ಎಂದು ಸಂಸ್ಥೆ ಹೇಳುತ್ತಿದೆ. ಪರಿಹಾರಕ್ಕಾಗಿ ನಾವು ಪುಣೆಗೆ ಅಲೆಯಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲಿಗೆ ಒಂದು ಮಾತು: ವಾಹನವನ್ನು ಈಗ ರಿಪೇರಿಗೆ ಕಳುಹಿಸಬೇಡಿ. ಸವೆದ ಆ ವೈರ್ ಮತ್ತು ಬುಷ್ ಇಲ್ಲದ ಆ ರಂಧ್ರವೇ ನಿಮ್ಮ ಮುಖ್ಯ ಸಾಕ್ಷ್ಯ. ಹೊಸ ವೈರ್ ಹಾಕಿದ ದಿನವೇ ಅದು ಕೈತಪ್ಪಿ ಹೋಗುತ್ತದೆ. ದೋಷವಿತ್ತೆಂದು ತೋರಿಸಬೇಕಾದ ಹೊಣೆ ದೂರುದಾರರ ಮೇಲಿರುವುದರಿಂದ, ವಾಹನವನ್ನು ಇದ್ದಂತೆಯೇ ನಿಲ್ಲಿಸಿ, ಫೋಟೋ ತೆಗೆದು, ಆಟೊಮೊಬೈಲ್ ಎಂಜಿನಿಯರ್ ಒಬ್ಬರಿಂದ ಲಿಖಿತ ವರದಿ ಪಡೆಯಿರಿ. ದೂರನ್ನು ವಿಚಾರಿಸುವ ಗ್ರಾಹಕ ಆಯೋಗವೂ ಅಗತ್ಯವೆನಿಸಿದರೆ ತಾನೇ ಪರೀಕ್ಷೆ ಮಾಡಿಸಬಲ್ಲದು. ಅದರ ಶುಲ್ಕವನ್ನು ಮೊದಲು ನೀವು ಕಟ್ಟಬೇಕಾಗುತ್ತದೆ.

ಪುಣೆಗೆ ಹೋಗಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಯಾವ ಹಂತದ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ವಸ್ತುವಿಗೆ ಕೊಟ್ಟ ಬೆಲೆಯ ಮೇಲೆ ನಿಂತಿದೆ. 50 ಲಕ್ಷದವರೆಗಿನದು ಜಿಲ್ಲಾ ಆಯೋಗದ ವ್ಯಾಪ್ತಿ. ನಿಮ್ಮ ದೂರಿಗೆ ಶುಲ್ಕ 1,000 ರೂಪಾಯಿ.

ದೂರು ಬರೆಯುವಾಗ ಅನೇಕರು ಎಡವುವುದು ಒಂದು ಕಡೆ. ದೋಷವಿದ್ದ ವಸ್ತುವಿನಿಂದಾದ ಹಾನಿಗೆ ಅದನ್ನು ತಯಾರಿಸಿದವರು, ಮಾರಿದವರು ಹೊಣೆ ಎನ್ನುವ, ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿ 'ಹಾನಿ' ಎಂದರೆ ದೇಹಕ್ಕಾದ ಗಾಯ, ಅದರಿಂದಾದ ಮಾನಸಿಕ ಯಾತನೆ ಮತ್ತು ಇತರ ಆಸ್ತಿಗಾದ ನಷ್ಟವೇ ಹೊರತು, ದೋಷವಿದ್ದ ವಸ್ತುವಿಗೇ ಆದ ನಷ್ಟವಲ್ಲ. ಹೀಗಾಗಿ ತಂದೆಯವರ ಚಿಕಿತ್ಸೆ, ಲ್ಯಾಪ್‌ಟಾಪ್, ಕ್ಯಾಮೆರಾಗಳ ನಷ್ಟವನ್ನು ಆ ಅಧ್ಯಾಯದಡಿ ಕೇಳಿ. ಕ್ಯಾರವಾನ್‌ನ ಮಟ್ಟಿಗೆ, ಅದೇ ದೂರಿನಲ್ಲಿ, ದೋಷಯುಕ್ತ ವಸ್ತುವೆಂಬ ನೆಲೆಯಲ್ಲಿ 39ನೇ ಕಲಂನಂತೆ ಬೆಲೆಯ ವಾಪಸಾತಿಯನ್ನೋ ಬದಲಿ ವಾಹನವನ್ನೋ ಬೇರೆಯಾಗಿಯೇ ಕೇಳಿ. ಎರಡನ್ನೂ ಕಲಸಿ ಒಂದೇ ಮೊತ್ತ ಬರೆದವರು ನ್ಯಾಯವಾಗಿ ಸಿಗಬೇಕಾದುದನ್ನೂ ಕಳೆದುಕೊಳ್ಳುವುದು ನನಗೆ ನಿಜಕ್ಕೂ ಸಂಕಟದ ಸಂಗತಿ.

ಬೇರೆಯವರು ತಯಾರಿಸಿದ ಭಾಗಗಳನ್ನು ಜೋಡಿಸಿ ಮಾರುವವರೂ ಕಾಯ್ದೆಯ ಕಣ್ಣಿನಲ್ಲಿ ತಯಾರಕರೇ ಆದ್ದರಿಂದ, ವ್ಯಾನ್ ತಮ್ಮದಲ್ಲವೆಂದು ಆ ಸಂಸ್ಥೆ ಜಾರಿಕೊಳ್ಳಲಾಗದು. ಮೂಲ ವ್ಯಾನಿನ ಕಂಪನಿಯನ್ನು, ಬೆಂಕಿ ಅದರ ವೈರಿಂಗ್‌ನಿಂದಲೇ ಎದ್ದಿತೆಂದು ವರದಿ ಹೇಳಿದರೆ ಮಾತ್ರ ಎದುರುದಾರರನ್ನಾಗಿ ಸೇರಿಸಿ.

ಸೋಲಾರ್ ಫಲಕದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬೇಡಿ. ವಸ್ತುವನ್ನು ದುರುಪಯೋಗ ಮಾಡಿದ್ದರೆ ಅಥವಾ ಮಾರ್ಪಡಿಸಿದ್ದರೆ 87ನೇ ಕಲಂ ಮಾರಾಟಗಾರರಿಗೆ ರಕ್ಷಣೆ ಕೊಡುತ್ತದೆ. ಅವರು ಹಿಡಿಯುವುದೂ ಅದನ್ನೇ. ಫಲಕದ ವೈರ್ ಯಾವ ದಾರಿಯಲ್ಲಿ ಇಳಿದಿದೆ, ಬೆಂಕಿ ಎದ್ದ ಜಾಗಕ್ಕೂ ಅದಕ್ಕೂ ಸಂಬಂಧವಿದೆಯೇ ಎಂಬುದನ್ನು ಎಂಜಿನಿಯರ್ ತಮ್ಮ ವರದಿಯಲ್ಲಿ ಸ್ಪಷ್ಟವಾಗಿ ಬರೆಯಲಿ. ಫಲಕ ಹಾಕಿದ ಎಲೆಕ್ಟ್ರಿಷಿಯನ್‌ರಿಂದ ಪ್ರಮಾಣಪತ್ರವನ್ನೂ ಪಡೆಯಿರಿ. ಫಲಕ ಹಾಕಿಸಿದ ಸಂಗತಿಯನ್ನು ದೂರಿನಲ್ಲಿ ನೀವೇ ಮೊದಲು ಹೇಳಿಬಿಡುವುದು ಒಳ್ಳೆಯದು.

ವಿಮಾ ಕಂಪನಿಗೆ ತಿಳಿಸದಿದ್ದರೆ ಇಂದೇ ತಿಳಿಸಿ. ಅಲ್ಲಿಂದ ಬಂದ ಹಣವನ್ನು ದೂರಿನಲ್ಲಿ ಮುಚ್ಚಿಡಬೇಡಿ.

ಬೆಂಕಿ ಬಿದ್ದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಸಂಸ್ಥೆಯೊಡನೆ ವಾಟ್ಸ್‌ಆ್ಯಪ್‌ನಲ್ಲಿ ನಡೆಯುವ ಮಾತುಕತೆಯಿಂದ ಈ ಅವಧಿ ಬೆಳೆಯುವುದಿಲ್ಲ. ಆದ್ದರಿಂದ ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿ, 15 ದಿನ ಕಾದು ನೋಡಿ, ಉತ್ತರ ಬಾರದಿದ್ದರೆ ಆಯೋಗಕ್ಕೆ ಹೋಗಿ.