ನಾರ್‌ಅಡ್ರಿನಲಿನ್: ಪಂಪ್‌ನಲ್ಲಿ ಗಂಟೆಗೆ ಎಷ್ಟು ಎಂ.ಎಲ್. ಇಡಬೇಕು?

70 ಕೆಜಿ ತೂಕದ ರೋಗಿಗೆ ಬಿಪಿ ಏರಿಸುವ ಈ ಔಷಧ 0.1 ಮೈಕ್ರೋಗ್ರಾಂ/ಕೆಜಿ/ನಿಮಿಷ ಕೊಡಲು ಆರ್ಡರ್ ಇದೆ, 50 ಎಂ.ಎಲ್. ಸಿರಿಂಜಿನಲ್ಲಿ 4 ಮಿ.ಗ್ರಾಂ. ಔಷಧ ಇದೆ, ಪಂಪ್ ಎಷ್ಟಕ್ಕೆ ಇಡಬೇಕು ಎಂದು ಕೇಳಿದ್ದೀರಿ. ಉತ್ತರ ಗಂಟೆಗೆ 5.25 ಎಂ.ಎಲ್. ಅದು ಬರುವ ದಾರಿ ಹೀಗೆ.

ಮೊದಲು ರೋಗಿಗೆ ಒಂದು ಗಂಟೆಗೆ ಬೇಕಾದ ಔಷಧ: 0.1 × 70 × 60 = 420 ಮೈಕ್ರೋಗ್ರಾಂ. ಆಮೇಲೆ ಸಿರಿಂಜಿನ ಸಾಂದ್ರತೆ: 4000 ÷ 50, ಅಂದರೆ ಎಂ.ಎಲ್.ಗೆ 80 ಮೈಕ್ರೋಗ್ರಾಂ. 420ನ್ನು 80ರಿಂದ ಭಾಗಿಸಿದರೆ 5.25. ಪಂಪ್ ಒಂದೇ ದಶಾಂಶ ತೆಗೆದುಕೊಂಡರೆ 5.3 ಇಡಿ. ಸ್ಟಾರ್ಟ್ ಒತ್ತುವ ಮೊದಲು ಹಿಂದುಮುಂದಾಗಿ ಲೆಕ್ಕ ಹಾಕಿ: 5.3 × 80 ÷ 60 ÷ 70 = ಸುಮಾರು 0.1. ತಾಳೆಯಾಯಿತು. 60ರ ಗುಣಾಕಾರ ಮರೆತಿದ್ದರೆ ಉತ್ತರ 0.09ರ ಹತ್ತಿರ ಬರುತ್ತಿತ್ತು. ಇಂಥ ಔಷಧಕ್ಕೆ ಅಷ್ಟು ಚಿಕ್ಕ ಸಂಖ್ಯೆ ಬಂದರೆ ಅಲ್ಲೇ ನಿಂತು ಮತ್ತೊಮ್ಮೆ ನೋಡಿ.

ನನ್ನ ಪ್ರಕಾರ ಗಣಿತಕ್ಕಿಂತ ಹೆಚ್ಚು ಎಡವುವುದು ಆಂಪೂಲ್ ಲೇಬಲ್ ಓದುವಾಗ. 2 ಮಿ.ಗ್ರಾಂ. ನಾರ್‌ಅಡ್ರಿನಲಿನ್ ಬೈಟಾರ್ಟ್ರೇಟ್‌ನಲ್ಲಿ ಬೇಸ್, ಅಂದರೆ ಲವಣದ ಭಾಗ ಬಿಟ್ಟು ಉಳಿಯುವ ಔಷಧ, ಇರುವುದು 1 ಮಿ.ಗ್ರಾಂ. ಮಾತ್ರ. ಆರ್ಡರ್ ಬೇಸ್ ಲೆಕ್ಕದಲ್ಲಿದ್ದು ನೀವು ಬೈಟಾರ್ಟ್ರೇಟ್ ಅಂಕಿ ಹಿಡಿದು ಸಿರಿಂಜ್ ತುಂಬಿದರೆ ರೋಗಿಗೆ ಹೋಗುವುದು ಅರ್ಧ ಡೋಸ್. ನಿಮ್ಮ ಐಸಿಯುನಲ್ಲಿ ಯಾವ ಲೆಕ್ಕ ನಡೆಯುತ್ತದೆ ಎಂದು ಕೇಳಿ ತಿಳಿದುಕೊಂಡು, ಸಿರಿಂಜಿನ ಲೇಬಲ್ ಮೇಲೂ ಅದನ್ನೇ ಬರೆಯಿರಿ. ಇನ್ನೊಂದು: ಔಷಧ 4 ಎಂ.ಎಲ್. ಇದ್ದರೆ ಡೆಕ್ಸ್‌ಟ್ರೋಸ್ 46 ಎಂ.ಎಲ್. ಹಾಕಿ ಒಟ್ಟು 50 ಮಾಡಬೇಕು. 50ಕ್ಕೆ 4 ಸೇರಿಸಿದರೆ 54 ಎಂ.ಎಲ್. ಆಗಿ, ಸಾಂದ್ರತೆ 74ಕ್ಕೆ ಇಳಿಯುತ್ತದೆ.

ಈ ಔಷಧ ಹೋಗುವ ಲೈನಿನಲ್ಲಿ ಬೇರೆ ಯಾವ ಔಷಧವನ್ನೂ ಕೊಡಬೇಡಿ, ಫ್ಲಷ್ (ದ್ರವ ತಳ್ಳಿ ಟ್ಯೂಬ್ ತೊಳೆಯುವುದು) ಮಾಡಲೇಬೇಡಿ. ಟ್ಯೂಬಿನಲ್ಲಿ ನಿಂತ 1 ಎಂ.ಎಲ್. ಅಂದರೆ 80 ಮೈಕ್ರೋಗ್ರಾಂ. ಈ ರೋಗಿಗೆ ನಿಮಿಷಕ್ಕೆ ಬೇಕಾದದ್ದು 7. ಒಂದೇ ತಳ್ಳಿಗೆ ಹನ್ನೊಂದು ನಿಮಿಷದ ಡೋಸ್ ಒಳಗೆ ಹೋಗಿ ಬಿಪಿ ಸರ್ರನೆ ಏರುತ್ತದೆ. ಸಿರಿಂಜ್ ಖಾಲಿಯಾದರೆ ಇದರ ಉಲ್ಟಾ. ಈ ಔಷಧದ ಪರಿಣಾಮ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಈ ವೇಗದಲ್ಲಿ 50 ಎಂ.ಎಲ್. ಸುಮಾರು ಒಂಬತ್ತೂವರೆ ಗಂಟೆ ಬರುತ್ತದೆ, ಹಾಗಾಗಿ ಮುಂದಿನ ಸಿರಿಂಜ್ ಮೊದಲೇ ಸಿದ್ಧವಿರಲಿ. ಪೆರಿಫೆರಲ್ ಲೈನಿನಲ್ಲಿ, ಅಂದರೆ ಕೈಯಂಥ ಕಡೆಯ ಚಿಕ್ಕ ರಕ್ತನಾಳದಲ್ಲಿ, ಹೋಗುತ್ತಿದ್ದರೆ ಸೂಜಿಯ ಜಾಗವನ್ನು ಪದೇಪದೇ ನೋಡಿ. ಚರ್ಮ ಬಿಳಿಚಿಕೊಂಡು ತಣ್ಣಗಾಗಿದ್ದರೆ ಔಷಧ ರಕ್ತನಾಳದ ಹೊರಗೆ ಸೋರುತ್ತಿರಬಹುದು, ಅಲ್ಲಿನ ಅಂಗಾಂಶ ಸಾಯಬಹುದು. ಆ ಲೈನಿನಲ್ಲಿ ನಿಲ್ಲಿಸಿ, ಬೇರೆ ಲೈನಿಗೆ ಬದಲಿಸಿ, ವೈದ್ಯರನ್ನು ಕರೆಯಿರಿ.

ಡೋಸ್ ಏರಿಸುವ ಮುನ್ನ ಬಿಪಿ ಅಂಕಿ ನಿಜವೇ ಎಂದು ಖಚಿತಪಡಿಸಿಕೊಳ್ಳಿ. ಆರ್ಟೀರಿಯಲ್ ಲೈನಿನ (ಅಪಧಮನಿಯೊಳಗಿಂದ ಬಿಪಿ ಅಳೆಯುವ ನಳಿಕೆ) ಒತ್ತಡ ಅಳೆಯುವ ಸಾಧನವಾದ ಟ್ರಾನ್ಸ್‌ಡ್ಯೂಸರ್ ನಾಲ್ಕನೇ ಪಕ್ಕೆಲುಬಿನ ಸಂದಿನ ಮಟ್ಟದಲ್ಲಿ, ಕಂಕುಳ ನಡುವಿನಿಂದ ಕೆಳಗಿಳಿಯುವ ಗೆರೆಗೆ ಸರಿಯಾಗಿರಬೇಕು. 10 ಸೆಂ.ಮೀ. ಮೇಲಿದ್ದರೂ ಬಿಪಿ ಸುಮಾರು 7.5 ಮಿ.ಮೀ. ಕಡಿಮೆ ತೋರಿಸುತ್ತದೆ, ಹಾಸಿಗೆ ಏರಿಸಿ ಇಳಿಸಿದಾಗ ಇದು ತುಂಬ ಸಲ ತಪ್ಪಿಹೋಗುತ್ತದೆ. ಸ್ಟಾಪ್‌ಕಾಕ್ (ಲೈನಿನ ಪುಟ್ಟ ನಲ್ಲಿ) ತಪ್ಪಿ ಮುಚ್ಚಿಹೋಗಿದೆಯೇ, ಸಿರಿಂಜ್ ಪಂಪಿನಲ್ಲಿ ಸರಿಯಾಗಿ ಕೂತಿದೆಯೇ, ಎಲ್ಲಾದರೂ ರಕ್ತಸ್ರಾವ ಇದೆಯೇ ನೋಡಿ.

ಸಾಮಾನ್ಯವಾಗಿ ಎಂಎಪಿ (ಅಪಧಮನಿಯ ಸರಾಸರಿ ಒತ್ತಡ) 65 ಗುರಿ. ಆದರೆ 65 ಬಂತು ಎಂದ ಮಾತ್ರಕ್ಕೆ ಅಂಗಗಳಿಗೆ ರಕ್ತ ತಲುಪುತ್ತಿದೆ ಎಂದಲ್ಲ. ಬೆರಳ ತುದಿಯನ್ನು 10 ಸೆಕೆಂಡ್ ಒತ್ತಿ ಬಿಡಿ, ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಗಮನಿಸಿ. ಮಂಡಿಯ ಸುತ್ತ ಚರ್ಮ ನೇರಳೆ ಮಚ್ಚೆಮಚ್ಚೆಯಾಗಿದೆಯೇ, ಪ್ರಜ್ಞೆ ಹೇಗಿದೆ, ಲ್ಯಾಕ್ಟೇಟ್ (ಅಂಗಗಳಿಗೆ ರಕ್ತ ಸಾಲದಾಗ ರಕ್ತದಲ್ಲಿ ಏರುವ ವಸ್ತು) ಇಳಿಯುತ್ತಿದೆಯೇ ಎಂದೂ ನೋಡಿ. ಈ ರೋಗಿಗೆ ಮೂತ್ರ ಗಂಟೆಗೆ ಕನಿಷ್ಠ 35 ಎಂ.ಎಲ್. ಬರಬೇಕು.

ವೈದ್ಯರಿಗೆ ಅಥವಾ ಮುಂದಿನ ಶಿಫ್ಟಿಗೆ "ನಾರ್‌ಅಡ್ 5ರಲ್ಲಿ ಓಡುತ್ತಿದೆ" ಎನ್ನಬೇಡಿ. ಸಿರಿಂಜಿನಲ್ಲಿ 8 ಮಿ.ಗ್ರಾಂ. ಇದ್ದರೆ ಅದೇ 5 ಎಂದರೆ ಎರಡರಷ್ಟು ಡೋಸ್. ಮೈಕ್ರೋಗ್ರಾಂ/ಕೆಜಿ/ನಿಮಿಷದಲ್ಲೇ ಹೇಳಿ, ಜೊತೆಗೆ ಸಾಂದ್ರತೆ ಮತ್ತು ಲೆಕ್ಕಕ್ಕೆ ಹಿಡಿದ ತೂಕವನ್ನೂ ಹೇಳಿ.