ಕೋಪನ್‌ಹೇಗನ್‌ನಲ್ಲಿ ಇಂಗ್ಲಿಷ್ ಹಳ್ಳಿಯ ಚರ್ಚಿನಂತೆ ಕಾಣುವ ಸೇಂಟ್ ಆಲ್ಬನ್ಸ್ ಅಲ್ಲಿಗೆ ಹೇಗೆ ಬಂತು?

ಡೆನ್ಮಾರ್ಕಿನ ರಾಜಧಾನಿಯಲ್ಲಿ ನೆಲೆಸಿದ್ದ ಇಂಗ್ಲಿಷರಿಗೆ ಬಹುಕಾಲ ಸ್ವಂತ ಚರ್ಚು ಇರಲಿಲ್ಲ. ಬಾಡಿಗೆಯ ಕೋಣೆಗಳಲ್ಲೇ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ ಪದ್ಧತಿಯ, ಪ್ರಾರ್ಥನೆ ನಡೆಯುತ್ತಿತ್ತು. ಡೆನ್ಮಾರ್ಕಿನ ದೊರೆ ಒಂಬತ್ತನೆಯ ಕ್ರಿಶ್ಚಿಯನ್ನನ ಮಗಳು ಅಲೆಕ್ಸಾಂಡ್ರಾ 1863ರಲ್ಲಿ ಬ್ರಿಟಿಷ್ ಯುವರಾಜ ಎಡ್ವರ್ಡ್‌ನನ್ನು ಮದುವೆಯಾದ ಮೇಲೆ ಈ ಸಮುದಾಯಕ್ಕೆ ಎರಡೂ ಅರಮನೆಗಳಲ್ಲಿ ನಂಟಿರುವ ಪೋಷಕಿಯೊಬ್ಬಳು ಸಿಕ್ಕಂತಾಯಿತು. ಕಾಸ್ಟೆಲೆಟ್ ಕೋಟೆಯ ಕಂದಕದ ಪಕ್ಕದಲ್ಲಿ ಜಾಗ ದೊರೆತು, 1885ರಲ್ಲಿ ಅಡಿಗಲ್ಲು ಬಿತ್ತು. 1887ರ ಸೆಪ್ಟೆಂಬರಿನಲ್ಲಿ ಚರ್ಚಿನ ಪ್ರತಿಷ್ಠಾಪನೆಯಾಯಿತು. ಬ್ರಿಟನ್ನಿನ ಮೊದಲ ಹುತಾತ್ಮನೆಂದು ಹೇಳಲಾಗುವ ಸಂತ ಆಲ್ಬನ್ನನ ಹೆಸರನ್ನೇ ಅದಕ್ಕೆ ಇಡಲಾಯಿತು.

ವಾಸ್ತುಶಿಲ್ಪಿ ಆರ್ಥರ್ ಬ್ಲೂಮ್‌ಫೀಲ್ಡ್ ಇಂಗ್ಲೆಂಡಿನ ಗಾಥಿಕ್ ಶೈಲಿಯನ್ನೇ ಆರಿಸಿಕೊಂಡ. ನನಗೆ ಅತ್ಯಂತ ಕುತೂಹಲಕರವೆನಿಸುವುದು ಗೋಡೆಗಳು: ಚಕಮಕಿ ಕಲ್ಲನ್ನು ಒಡೆದು, ಅದರ ಕಪ್ಪು ಹೊಳಪಿನ ಮುಖವನ್ನು ಹೊರಗಿಟ್ಟು ಕಟ್ಟುವ ಈ ಕ್ರಮ ಪೂರ್ವ ಇಂಗ್ಲೆಂಡಿನ ಚರ್ಚುಗಳದ್ದು, ಆದರೆ ಇಲ್ಲಿ ಬಳಸಿದ ಕಲ್ಲು ಡೆನ್ಮಾರ್ಕಿನ ಸ್ಟೆವ್ನ್ಸ್ ಕರಾವಳಿಯದು, ಸುಣ್ಣಕಲ್ಲು ಕೂಡ ಡೆನ್ಮಾರ್ಕಿನದೇ ಫಾಕ್ಸೆ ಊರಿನಿಂದ ಬಂದದ್ದು. ಒಳಗಿನ ವೇದಿಯ ಶಿಲ್ಪಫಲಕ, ಪ್ರವಚನಪೀಠ ಮತ್ತು ದೀಕ್ಷಾಸ್ನಾನದ ಕಲಶಗಳನ್ನು ಜಾರ್ಜ್ ಟಿನ್‌ವರ್ತ್ ರೂಪಿಸಿದ. ಇವು ಲಂಡನ್ನಿನ ಡೌಲ್ಟನ್ ಕಾರ್ಖಾನೆಯ ಸುಟ್ಟಮಣ್ಣಿನ ಕೃತಿಗಳು. ಪಕ್ಕದ ಗೆಫಿಯೋನ್ ಕಾರಂಜಿ 1908ರದ್ದು, ಅಂದರೆ ಚರ್ಚಿಗಿಂತ ಕಿರಿಯದು. ಛಾಯಾಚಿತ್ರಗಳಲ್ಲಿ ಎರಡೂ ಒಟ್ಟಿಗೇ ಹುಟ್ಟಿದಂತೆ ಕಾಣುತ್ತವೆ.