ಲೋಳೆಸರದ ರಸ ದಿನಾ ಎಷ್ಟು ಕುಡಿಯಬೇಕು?

ಮಲಬದ್ಧತೆಗೆ ಅಂತ ಮನೆಯಲ್ಲೇ ಮಾಡಿದ ಲೋಳೆಸರದ ರಸವನ್ನು ದಿನಾ ಎಷ್ಟು ಕುಡಿಯಬೇಕು ಅಂತ ಕೇಳಿದ್ದೀರಿ. ನಾನು ಮೂರು ವಾರ ಕುಡಿದೆ.

ಬೆಳಗ್ಗೆ ಎದ್ದು ಒಂದು ಎಲೆ ಕೊಯ್ದು, ಅಂಚಿನ ಮುಳ್ಳು ತೆಗೆದು, ಸಿಪ್ಪೆ ಸಮೇತ ಮಿಕ್ಸಿಗೆ ಹಾಕುತ್ತಿದ್ದೆ. ತಪ್ಪಿದ್ದು ಅಲ್ಲೇ, ಆ ಸಿಪ್ಪೆಯಲ್ಲಿ. ಎಲೆ ಕೊಯ್ದ ಕಡೆ ಹಳದಿ ರಸ ಒಸರುತ್ತದೆ ನೋಡಿ, ಬೆರಳಿಗೆ ಅಂಟಿದರೆ ಸುಲಭವಾಗಿ ಹೋಗುವುದಿಲ್ಲ, ನಾಲಿಗೆಗೆ ತಾಕಿದರೆ ವಿಪರೀತ ಕಹಿ. ಅದು ಒಳಗಿನ ಲೋಳೆಯದಲ್ಲ. ಸಿಪ್ಪೆಗೆ ಒತ್ತಿಕೊಂಡೇ ಇರುವ ಸಣ್ಣ ನಾಳಗಳಿಂದ ಬರುತ್ತದೆ. ಅದರಲ್ಲಿ ಅಲೋಯಿನ್ ಅನ್ನೋ ಅಂಶ ಇದೆ. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಕರುಳು ಕೆರಳುತ್ತದೆ, ನೀರು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಭೇದಿ ಶುರುವಾಗುತ್ತದೆ. ನಾನೋ ಕಹಿ ಜಾಸ್ತಿ ಇದ್ದಷ್ಟೂ ಗುಣ ಜಾಸ್ತಿ ಅಂದುಕೊಂಡಿದ್ದೆ. ಎರಡನೇ ವಾರ ಹೊಟ್ಟೆ ಹಿಂಡತೊಡಗಿತು. ಮೂರನೇ ವಾರ ನಡುರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರವಾಗುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಬಂತು, ಭೇದಿಯ ಜೊತೆ ಅದೂ ಹೋಗಿತ್ತು. ಯಾವ ಔಷಧಿ ತಗೊಳ್ತಿದ್ದೀರಿ ಅಂತ ಡಾಕ್ಟರ್ ಕೇಳಿದರೆ ಏನೂ ಇಲ್ಲ ಅಂದುಬಿಟ್ಟಿದ್ದೆ. ಗಿಡದ ರಸ ಔಷಧಿ ಅಂತ ನನಗೆ ಅನಿಸಿರಲೇ ಇಲ್ಲ.

ಆದರೆ ಅದು ಔಷಧಿಯೇ. ಒಂದನೇ ಶತಮಾನದಲ್ಲೇ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ಇದನ್ನು ಭೇದಿ ಮಾಡಿಸಲೂ ಗಾಯಕ್ಕೂ ಬಳಸುವುದನ್ನು ಬರೆದಿಟ್ಟಿದ್ದ. ಆಯುರ್ವೇದದಲ್ಲಿ ಇದಕ್ಕೆ ಕುಮಾರಿ ಅಂತ ಹೆಸರು. ಡಾಕ್ಟರ್ ಚೀಟಿ ಇಲ್ಲದೆ ಮಾರುವ, ಭೇದಿ ಮಾಡಿಸುವ ಔಷಧಿಗಳಿಂದ ಇದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲಿ ಹೊರಗಿಟ್ಟಿತು, ಸುರಕ್ಷಿತ ಅನ್ನಲು ಬೇಕಾದಷ್ಟು ಪುರಾವೆ ಇಲ್ಲ ಅಂತ.

ಹಾಗಾಗಿ 'ಎಷ್ಟು' ಅಂತ ಕೇಳಬೇಡಿ, ಕುಡಿಯಲೇಬೇಡಿ. ಗರ್ಭಿಣಿಯರು, ಕಿಡ್ನಿ ತೊಂದರೆ ಇರುವವರು, ಹೃದಯಕ್ಕೆ ಡಿಗಾಕ್ಸಿನ್ ಅಥವಾ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರು ಅದರ ಹತ್ತಿರವೂ ಹೋಗಬಾರದು. ನಾರಿನಂಶ, ನೀರು, ಓಡಾಟ ಜಾಸ್ತಿ ಮಾಡಿ. ವಾರಗಟ್ಟಲೆ ಸರಿಹೋಗದಿದ್ದರೆ, ರಕ್ತ ಕಂಡರೆ, ಡಾಕ್ಟರ್ ಹತ್ತಿರ ಹೋಗಿ. ಕುಡಿಯುತ್ತಿದ್ದರೆ ಅದನ್ನೂ ಹೇಳಿ.

ಗಿಡ ಮಾತ್ರ ಕಿತ್ತು ಹಾಕಬೇಡಿ. ನನ್ನದು ಹಾಗೇ ಇದೆ. ಸಣ್ಣಪುಟ್ಟ ಸುಟ್ಟಗಾಯಕ್ಕೆ ಮೊದಲು 20 ನಿಮಿಷ ತಣ್ಣೀರು ಹರಿಸುತ್ತೇನೆ. ಅಷ್ಟು ಹೊತ್ತು ಕೊಯ್ದ ಎಲೆಯನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿರುತ್ತೇನೆ. ಹಳದಿಯೆಲ್ಲ ತಳಕ್ಕೆ ಇಳಿದ ಮೇಲೆ ತೊಳೆದು, ಸಿಪ್ಪೆ ದಪ್ಪಗೆ ಹೆರೆದು, ಒಳಗಿನ ತಿಳಿ ಲೋಳೆಯಷ್ಟನ್ನೇ ಹಚ್ಚುತ್ತೇನೆ.